ಬಂಗುಡೆ ಪುಳಿಮುಂಚಿ

ಆಸ್ಪತ್ರೆಯಲ್ಲಿ ಅಪ್ಪ ಅನ್ನ ನೀರು ಬಿಟ್ಟಿದ್ದರು. "ಬಂದರಿನ ಹಿಂದೆ ಐಸ್ ಫ್ಯಾಕ್ಟರಿ ಓಣಿಯ ಕೊನೆಗೆ ಒಂದು ಹೋಟೆಲುಂಟು, ಬೋರ್ಡಿಲ್ಲ. ಅಲ್ಲಿಯ ಬಂಗುಡೆ ಪುಳಿಮುಂಚಿ ತಕ್ಕೊಂಡು ಬಾ" ಎಂದಷ್ಟೇ ಹೇಳಿದರು.

ಓಣಿಯಿಂದ ಓಣಿಗೆ ಓಡಿ, ಕೇಳಿದವರನ್ನೇ ಮತ್ತೆ ಕೇಳಿ, ಕಡೆಗೂ ಹುಡುಕಿ ತಲುಪಿದೆ. ಒಲೆ ತಣ್ಣಗಿತ್ತು.

"ಮೀನಿಲ್ಲ" ಎಂದಳು ಹೋಟೆಲಿನ ಹೆಂಗಸು.

"ಒಂದು ತುಂಡಾದ್ರೂ ಮಾಡಿಕೊಡಿ ಅಕ್ಕ, ಕಾಲು ಹಿಡೀತೇನೆ. ಅಪ್ಪ ಇವತ್ತು ದಾಟುದು ಕಷ್ಟ ಅಂತೆ."

"ಆಗುದಿಲ್ಲ ಮಾರಾಯ್ರೆ. ನಮ್ಮ ಮನೆಯವರು ಹೋದ ವಾರದಿಂದ ಕಾಣ್ತಾ ಇಲ್ಲ. ಅವರು ಬರುವವರೆಗೆ ಮೀನು ಮುಟ್ಟುದಿಲ್ಲ ಅಂತ ದೈವಕ್ಕೆ ಹೇಳಿಕೊಂಡಿದ್ದೇನೆ."

ಹೇಳುತ್ತಲೇ ಅವಳು ಗೋಡೆಯ ಮೇಲಿನ ತನ್ನ ಮದುವೆ ಫೋಟೋವನ್ನು ಸೆರಗಿನಿಂದ ಒರೆಸಿದಳು.

ಫೋಟೋದಲ್ಲಿ ಅವಳ ಪಕ್ಕ ಹಾರ ಹಾಕಿಕೊಂಡು ನಗುತ್ತಿದ್ದವರು ನನ್ನಪ್ಪ.