ಜೊತೆಗೆ ಓಡಿದವರು

ಹಸನಸಾಬರು ಹೆಗಲ ಮೇಲಿನ ಟವೆಲ್ಲನ್ನು ಹೊಲದ ಬದುವಿನ ಮೇಲೆ ಹಾಸಿ ನಮಾಜಿಗೆ ನಿಂತರು. ಕೊಟ್ರೇಶ ಕೈಗಡಿಯಾರ ನೋಡಿದ. ಸವಣೂರು ಬಿಟ್ಟು ಐದು ಕಿಲೋಮೀಟರ್ ಆಗಿತ್ತು. ಇಷ್ಟು ಬೇಗ ಅವನು ಈ ಜಾಗಕ್ಕೆ ಎಂದೂ ಬಂದಿರಲಿಲ್ಲ. ಧಾರವಾಡದ ಇಪ್ಪತ್ತೊಂದು ಕಿಲೋಮೀಟರ್ ಓಟಕ್ಕೆ ಉಳಿದದ್ದು ಹದಿನೈದೇ ದಿನ. ಈಗ ಏಳೆಂಟು ನಿಮಿಷ ನಿಂತರೆ ಕಾಲು ತಣ್ಣಗಾಗುತ್ತವೆ, ಹತ್ತಿದ ವೇಗ ಇಳಿದುಹೋಗುತ್ತದೆ. ಪ್ರತಿ ಭಾನುವಾರ ಇಲ್ಲೇ ಅತ್ತಿತ್ತ ಅಡ್ಡಾಡುತ್ತ ಕಾಯುತ್ತಿದ್ದವನು ಅವತ್ತು ಕಾಯಲಿಲ್ಲ. ಹಿಂದಿನಿಂದ ಬಂದು ಕೂಡಿಕೊಳ್ಳುತ್ತಾರೆ ಬಿಡು ಅಂದುಕೊಂಡ. ಹಾಗೆ ಅಂದುಕೊಂಡರೂ ನಾಲ್ಕು ಹೆಜ್ಜೆ ಸದ್ದಾಗದಂತೆ ಇಟ್ಟು, ಆಮೇಲೆ ರಸ್ತೆ ಹಿಡಿದು ಓಡಿದ.

ಅವನಿಗೆ ಓಟ ಹಚ್ಚಿದವರೇ ಹಸನಸಾಬರು. ಹೈಸ್ಕೂಲಿನಲ್ಲಿ ಗಣಿತ ಹೇಳುವ ಕೊಟ್ರೇಶನಿಗೆ ಎರಡು ವರ್ಷದ ಕೆಳಗೆ ಸಕ್ಕರೆ ಕಾಯಿಲೆ ಗಂಟುಬಿದ್ದಾಗ, ಪ್ಯಾಂಟಿನ ಸೊಂಟ ಸಡಿಲು ಮಾಡಿಸಲು ಅವರ ಅಂಗಡಿಗೆ ಹೋಗಿದ್ದ. ಅಳತೆ ಹಿಡಿದ ಐವತ್ತೈದರ ದರ್ಜಿ, "ಪ್ಯಾಂಟ್ ಇರ್ಲಿ ಮಾಸ್ತರ್ರ, ನಾಳೆ ಮುಂಜಾನೆ ನನ್ನ ಜೋಡಿ ಬರ್ರಿ," ಅಂದಿದ್ದರು. ಮೊದಲ ವಾರ ಅರ್ಧ ಕಿಲೋಮೀಟರಿಗೇ ಏದುಸಿರು. "ಉಸಿರು ಹಿಡೀಬ್ಯಾಡ್ರಿ. ನಾ ಅಲ್ಲಾನ ಹೆಸರು ಉಸಿರಿಗೆ ಕಟ್ಟೇನಿ. ನೀವು ನಿಮ್ಮ ಶಿವನ ಹೆಸರು ಕಟ್ರಿ, ಕಾಲು ತಾವ ಓಡ್ತಾವ." ಅಂದಿನಿಂದ ಕೊಟ್ರೇಶನ ಹೆಜ್ಜೆ ಹೆಜ್ಜೆಗೂ 'ನಮಃ ಶಿವಾಯ'. ಸಕ್ಕರೆ ಇಳಿಯಿತು, ಮಕ್ಕಳ ಮೇಲೆ ರೇಗುವುದು ನಿಂತಿತು. ಓಡುವುದೂ ಒಂದು ಪೂಜೆಯೇ, ತಾನು ಮೊದಲಿನ ಮನುಷ್ಯನಲ್ಲ ಅಂತ ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳುತ್ತಿದ್ದ. ಹಸನಸಾಬರನ್ನು ಬಿಟ್ಟು ಓಡಿದ ಆ ಮುಂಜಾನೆಯೂ ಶಿಗ್ಗಾವಿ ಮುಟ್ಟುವವರೆಗೆ ಅವನ ಮಂತ್ರ ಒಂದು ಹೆಜ್ಜೆ ತಪ್ಪಲಿಲ್ಲ.

ಶಿಗ್ಗಾವಿ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿದ, ಸ್ವಲ್ಪ ಹೊತ್ತು ಕಾದ. ಹಸನಸಾಬರು ಬರಲಿಲ್ಲ. ಓಡುವಾಗ ಅವರು ಮೊಬೈಲ್ ಒಯ್ಯುತ್ತಿರಲಿಲ್ಲ. ಸಿಟ್ಟಾಗಿ ಹಿಂದಕ್ಕೇ ಹೋಗಿರಬೇಕು ಅಂದುಕೊಂಡು ಸವಣೂರಿನ ಬಸ್ಸು ಹತ್ತಿದ. ಮಧ್ಯಾಹ್ನ ಅವರ ಹೆಂಡತಿ ಹಾಜರಾಬಿಯ ಫೋನ್ ಬಂತು. ನಮಾಜು ಮುಗಿಸಿ ತಿರುಗಿದರೆ ಜೊತೆಗಾರನಿಲ್ಲ. ಅವನನ್ನು ಹಿಡಿಯಬೇಕೆಂದು ಜೋರಾಗಿ ಓಡುವಾಗ ರಸ್ತೆ ಅಂಚಿನ ತಗ್ಗಿನಲ್ಲಿ ಹಸನಸಾಬರ ಕಾಲು ಸಿಕ್ಕು, ಹಿಮ್ಮಡದ ಮೇಲಿನ ಎಲುಬು ಮುರಿದಿತ್ತು. ಬಹಳ ಹೊತ್ತಿನ ಮೇಲೆ ಹಾಲಿನ ಗಾಡಿಯವರು ಎತ್ತಿ ತಂದಿದ್ದರು.

ಕೊಟ್ರೇಶ ಆಸ್ಪತ್ರೆಗೆ ಓಡಿದ. ಪ್ಲಾಸ್ಟರ್ ಹಾಕಿದ ಕಾಲು ಚಾಚಿ ಹಸನಸಾಬರು ಮಲಗಿದ್ದರು.

"ಜೋಡೀಲೆ ಹೋದವರು, ನಿಮಗ ಕಾಣಲಿಲ್ಲೇನ್ರಿ ಮಾಸ್ತರ್ರ?" ಹಾಜರಾಬಿ ಕೇಳಿದಳು.

"ನಾ ವಾಪಸ್ ಬಂದು ಹುಡುಕಿದ್ನಿ ಅಕ್ಕಾರ. ಒಂದು ತಾಸು ಹುಡುಕಿದ್ನಿ. ಮಂಜಿನ್ಯಾಗ ಕಾಣಲಿಲ್ಲ." ಮಾತು ಬಾಯಿಂದ ಹೊರಬಿದ್ದ ಮೇಲೆಯೇ ಅವನಿಗೆ ನೆನಪಾದದ್ದು, ಅವತ್ತು ಮಂಜೇ ಇರಲಿಲ್ಲ.

ಹಸನಸಾಬರು ಅವನ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಹೆಂಡತಿಯ ಕಡೆ ತಿರುಗಿ, "ಹೌದು, ಮಂಜು ಭಾಳ ಇತ್ತು," ಅಂದರು.

ಧಾರವಾಡದಲ್ಲಿ ಕೊಟ್ರೇಶ ಒಬ್ಬನೇ ಓಡಿದ, ಅಂದುಕೊಂಡದ್ದಕ್ಕಿಂತ ಚೆನ್ನಾಗಿಯೇ ಮುಗಿಸಿದ. ಆದರೆ ಮೊದಲ ಕಿಲೋಮೀಟರಿನಿಂದಲೂ ಮಂತ್ರ ಉಸಿರಿಗೆ ಕೂಡಲಿಲ್ಲ. ನಾಲಿಗೆ ಹೇಳುತ್ತಿತ್ತು, ಎದೆ ಕೇಳುತ್ತಿರಲಿಲ್ಲ. ಊರಿಗೆ ಬಂದ ಮೇಲೂ ಅಷ್ಟೇ. ಹಸನಸಾಬರಿಗೆ ಡಾಕ್ಟರು ಇನ್ನು ಓಟ ಮರೆತುಬಿಡಿ ಅಂದಿದ್ದರು. ತುಳಿಯಲಾಗದೆ ಹೊಲಿಗೆ ಯಂತ್ರಕ್ಕೆ ಮೋಟರ್ ಕೂಡಿಸಿಕೊಂಡು, ಅಂಗಡಿಗೆ ಬಂದವರಿಗೆಲ್ಲ, "ನಮ್ಮ ಮಾಸ್ತರು ಒಂದು ತಾಸು ಹುಡುಕ್ಯಾರ ನನ್ನ. ಈಗಿನ ಕಾಲದಾಗ ಯಾರು ಹುಡುಕ್ತಾರ್ರಿ?" ಅನ್ನುತ್ತಿದ್ದರು. ಬಜಾರಿನಲ್ಲಿ ಜನ ಕೊಟ್ರೇಶನನ್ನು ನಿಲ್ಲಿಸಿ ಹೊಗಳುತ್ತಿದ್ದರು. ಅವನು ತಲೆ ತಗ್ಗಿಸಿದರೆ ಅದನ್ನೂ ವಿನಯ ಅಂದುಕೊಳ್ಳುತ್ತಿದ್ದರು.

ಎಂಟು ತಿಂಗಳು ಹೀಗೇ ಕಳೆದವು. ಒಂದು ಸಂಜೆ ಗಿರಾಕಿ ಎದ್ದು ಹೋಗುವುದನ್ನೇ ಕಾದು ಕೊಟ್ರೇಶ ಸ್ಟೂಲಿನ ಮೇಲೆ ಕೂತ.

"ಹಸನಸಾಬ್ರ, ನಾ ಹುಡುಕಿಲ್ರಿ. ನಿಮ್ಮನ್ನ ಬಿಟ್ಟು ಹ್ವಾದ್ನಿ. ಬಸ್ಸಿನ್ಯಾಗ ವಾಪಸ್ ಬಂದ್ನಿ. ಸುಳ್ಳು ಹೇಳೇನಿ."

ಮೋಟರ್ ನಿಂತಿತು. ಹಸನಸಾಬರು ಕನ್ನಡಕ ತೆಗೆದರು.

"ಗೊತ್ತೈತ್ರಿ. ಕಾಲು ಹಿಡ್ಕೊಂಡು ಕುಂತಾಗ ಆ ಬಸ್ಸು ನನ್ನ ಮುಂದ ಹಾದು ಹ್ವಾತು. ಕೈ ಎತ್ತಿದ್ನಿ. ನೀವು ಕಿಟಕಿ ಬಾಜು ಕುಂತು ಮೊಬೈಲ್ ನೋಡಾಕತ್ತಿದ್ರಿ."

ಕೊಟ್ರೇಶ ಸ್ಟೂಲಿನಿಂದ ಅರ್ಧ ಎದ್ದ. "ಮತ್ತ... ಮಂದಿ ಮುಂದ ಯಾಕ ಹಂಗ ಹೇಳ್ಕೋತ ಬಂದ್ರಿ? ನನ್ನ ಮಾನ ಉಳಸಾಕ?"

"ಇಲ್ರಿ ಮಾಸ್ತರ್ರ." ಹಸನಸಾಬರು ಸೂಜಿಯ ಕೆಳಗಿನ ಬಟ್ಟೆಯನ್ನು ಮೆಲ್ಲಗೆ ಎಳೆದುಕೊಂಡರು. "ಹೇಳಿ ಹೇಳಿ ಒಂದಿನ ನಾನೂ ನಂಬತೇನಿ ಅನ್ಕೊಂಡಿದ್ನಿ. ಅರ್ಧ ನಂಬಿದ್ನಿ ಸೈತ."