ಹುಣಸೆಹಣ್ಣಿನಲ್ಲಿ ಉಜ್ಜಿದ ಕಾಡತೂಸು

ಹುಣಸೆಹಣ್ಣು ಹಚ್ಚಿ ದೇವರ ದೀಪ ಉಜ್ಜುವಾಗಲೆಲ್ಲ ನನಗೆ ಅಮೆರಿಕದ ಫ್ರೀಮಾಂಟಿನ ನಮ್ಮ ಹಳೆಯ ಮನೆಯ ಗರಾಜು ನೆನಪಾಗುತ್ತದೆ.

ಎಂಬತ್ತರ ದಶಕದಲ್ಲಿ ಅಪ್ಪನಿಗೆ ರೈಫಲ್ ಹುಚ್ಚಿತ್ತು. ಹಾರಿಸಿದ ಕಾಡತೂಸುಗಳ ಹಿತ್ತಾಳೆ ಕೊಳವೆಗಳನ್ನು ಆಯ್ದು ತಂದು, ಗರಾಜಿನಲ್ಲೇ ಮತ್ತೆ ಮದ್ದು ತುಂಬುತ್ತಿದ್ದರು. ಅಮ್ಮನಿಗೆ ಅದು ಒಂಚೂರೂ ಹಿಡಿಸುತ್ತಿರಲಿಲ್ಲ. ಆದರೂ ಒಂದು ಆಯುಧಪೂಜೆಯ ಮಧ್ಯಾಹ್ನ ಅವಳು, ಮಸಿ ಹಿಡಿದ ಹಿತ್ತಾಳೆಗೆ ಕುಂಕುಮ ಇಡಲು ಮನಸ್ಸಾಗದೆ, ಅಪ್ಪ ಬೆಂಚಿನ ಮೇಲೆ ಸಾಲಾಗಿ ನಿಲ್ಲಿಸಿದ್ದ ಇಪ್ಪತ್ತು ಖಾಲಿ ಕೊಳವೆಗಳನ್ನೂ ಸಿಂಕಿಗೆ ಒಯ್ದು ಹುಣಸೆಹಣ್ಣು ಹಾಕಿ ಉಜ್ಜಿದಳು. ಒರೆಸುವ ಕೆಲಸ ನನ್ನದಾಗಿತ್ತು.

“ಅಯ್ಯೋ, ಏನ್ ಮಾಡ್ಬಿಟ್ಟೆ! ಎಲ್ಲಾ ಚೆಕ್ ಮಾಡಿ ಇಟ್ಟಿದ್ದೆ ಕಣೇ,” ಎಂದು ಅಪ್ಪ ರೇಗಿದರು.

ಅಮ್ಮ ಒಂದನ್ನು ಅವರ ಅಂಗೈಯಲ್ಲಿಟ್ಟಳು. “ಇದನ್ನೂ ಚೆಕ್ ಮಾಡಿದ್ರಾ?”

ಮಸಿ ಹೋದ ಬುಡದಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಬಿರುಕು ಬಿಟ್ಟದ್ದಕ್ಕೆ ಮದ್ದು ತುಂಬಿದರೆ ಹಾರಿಸುವವನ ಮುಖದ ಪಕ್ಕದಲ್ಲೇ ಒಡೆಯುತ್ತದೆ ಎಂದು ನನಗೆ ಹೇಳಿಕೊಟ್ಟವರೇ ಅಪ್ಪ. ಅವರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

ಉಳಿದ ಹತ್ತೊಂಬತ್ತಕ್ಕೆ ಅಮ್ಮ ಕುಂಕುಮ ಇಟ್ಟಳು. ಬಿರುಕಿನದನ್ನು ಕಸಕ್ಕೆ ಹಾಕಲಿಲ್ಲ. ಅಪ್ಪ ದಿನಾ ಬೆಳಿಗ್ಗೆ ಕಾಫಿ ಲೋಟ ತೊಳೆಯುವ ಸಿಂಕಿನ ಎದುರು, ಕಿಟಕಿಯಲ್ಲಿ ನಿಲ್ಲಿಸಿದಳು. ನಾವು ಆ ಮನೆ ಬಿಡುವವರೆಗೂ ಅದು ಅಲ್ಲೇ ಇತ್ತು.