ನಿತ್ಯಾನಂದನ ಡಬ್ಲರ್

“ಇದು ಯಾರು ನಿತ್ಯಣ್ಣ, ಮನುಷ್ಯರಾ, ಹೊಗೆಯಾ?”

ಮೂಡುಬಿದಿರೆ ಪೇಟೆಯ ತನ್ನ ಸ್ಟುಡಿಯೋದಲ್ಲಿ ನಿತ್ಯಾನಂದ ಇನ್ನೂ ಸರಿಯಾಗಿ ಒಣಗದ ಏಳು ಫೋಟೋಗಳನ್ನು ಮೇಜಿನ ಮೇಲೆ ಹರಡಿದ್ದ. ಏಳರಲ್ಲೂ ಒಂದು ಬಟ್ಟೆ ಅಂಗಡಿ ಇತ್ತು, ಗಾದಿಯ ಮೇಲೆ ಬಿಳಿ ಅಂಗಿಯ ಒಂದು ಆಕೃತಿ ಇತ್ತು, ಮುಖ ಮಾತ್ರ ಇರಲಿಲ್ಲ. ತ್ರಿಶಲಾ ಟೀಚರ್ ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿ, ಕೆಳಗಿಟ್ಟಳು.

ಆ ಹೊಗೆ ಬಂಟ್ವಾಳದ ಭರತರಾಜ, ಅವಳಿಗೆ ಬಂದ ಸಂಬಂಧ. ಸೋದರಮಾವ ತಂದುಕೊಟ್ಟಿದ್ದ ಫೋಟೋದಲ್ಲಿ ಅವನು ಕೋಟು ಹಾಕಿ, ಕುತ್ತಿಗೆ ಸೆಟೆದು, ಪರೀಕ್ಷೆಗೆ ಕೂತವನ ಹಾಗೆ ಕೂತಿದ್ದ. ಭಾನುವಾರ ಮಾವನಿಗೆ ಉತ್ತರ ಹೇಳಬೇಕು. “ಯಾರೂ ನೋಡದಿರುವಾಗ ಇವರು ಹೇಗಿರ್ತಾರೆ ಅಂತ ನನಗೆ ಗೊತ್ತಾಗಬೇಕು. ಗುಟ್ಟಾಗಿ ಒಂದು ಫೋಟೋ ತೆಗೆದು ಕೊಡ್ತೀರಾ?” ಎಂದು ಅವಳು ಕೇಳಿದಾಗ ನಿತ್ಯಾನಂದ ಎದೆಯುಬ್ಬಿಸಿ ಒಪ್ಪಿದ್ದ. ಮುಂಬಯಿ ಬಂದರಿನಲ್ಲಿ ಕೆಲಸಕ್ಕಿದ್ದ ಭಾವ ಅವನಿಗೆ ಜಪಾನಿನ ಡಬ್ಲರ್ ತಂದುಕೊಟ್ಟು ಒಂದು ವಾರವಾಗಿತ್ತು. ಕ್ಯಾಮರಾಕ್ಕೂ ಲೆನ್ಸಿಗೂ ನಡುವೆ ಸಿಕ್ಕಿಸುವ ಗಿಡ್ಡ ಕೊಳವೆ ಅದು. ಸಿಕ್ಕಿಸಿದರೆ ದೂರದ್ದು ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ. ಅರವತ್ತೇಳನೆಯ ಇಸವಿಯಲ್ಲಿ ಇಡೀ ಮೂಡುಬಿದಿರೆಗೆ ಅದೊಂದೇ ಇತ್ತು.

“ದೊಡ್ಡದಾಗಿ ಬಂದಿದೆಯಲ್ಲ ಟೀಚರೇ,” ಎಂದ ನಿತ್ಯಾನಂದ.

“ಹೌದು. ಸಣ್ಣ ಹೊಗೆ ದೊಡ್ಡ ಹೊಗೆ ಆಗಿದೆ.”

“ಕೈ ನಡುಗಿದ್ದು. ನಾಳೆ ಸ್ಟ್ಯಾಂಡು ತಗೊಂಡು ಹೋಗ್ತೇನೆ.”

ಶುಕ್ರವಾರ ಬೆಳಿಗ್ಗೆ ಅವನು ಬಂಟ್ವಾಳ ಪೇಟೆಯ ತಿರುವಿನಲ್ಲಿದ್ದ ಹೋಟೆಲಿನ ಮಹಡಿ ಹತ್ತಿ, ಕಿಟಕಿಯ ಬಳಿ ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಕ್ಯಾಮರಾವನ್ನು ಭರತರಾಜನ ಅಂಗಡಿಯ ಕಡೆಗೆ ತಿರುಗಿಸಿದ. ಡಬ್ಲರ್ ಹಾಕಿ ಕಣ್ಣಿಟ್ಟರೆ ಹತ್ತು ಗಂಟೆಗೇ ಮುಸ್ಸಂಜೆ. ತೆಗೆದು ನೋಡಿದರೆ ಬೆಳಕೇನೋ ಇತ್ತು, ಭರತರಾಜನ ಮುಖ ಮಾತ್ರ ಬೆಂಕಿಕಡ್ಡಿಯ ತಲೆಯಷ್ಟಾಯಿತು. ಮತ್ತೆ ಹಾಕಿದ. ಕ್ಯಾಮರಾ ಈಗ ಬಂಡೆಯಂತೆ ನಿಂತಿತ್ತು, ಭರತರಾಜ ನಿಲ್ಲಲಿಲ್ಲ. ಸೀರೆ ಬಿಡಿಸಿದ, ಮಡಚಿದ, ಗಿರಾಕಿಯ ಮಗುವಿಗೆ ಮೂತಿ ತಿರುಚಿ ತೋರಿಸಿದ, ಎದ್ದ, ಕೂತ. ಆಮೇಲೆ ಗಾದಿಯಲ್ಲಿ ಕಾಣಲೇ ಇಲ್ಲ.

“ನೀವು ಸರ್ವೆಯವರಾ?”

ನಿತ್ಯಾನಂದ ಬೆಚ್ಚಿ ತಿರುಗಿದ. ಬಟ್ಟೆ ಅಳೆಯುವ ಕೋಲನ್ನು ಕೈಯಲ್ಲೇ ಹಿಡಿದುಕೊಂಡು ಭರತರಾಜ ಬೆನ್ನ ಹಿಂದೆ ನಿಂತಿದ್ದ.

“ನಿನ್ನೆಯೂ ಇದ್ದಿರಿ. ಇವತ್ತು ಮೂರು ಕಾಲಿನದ್ದೂ ತಂದಿದ್ದೀರಿ. ರಸ್ತೆ ಅಗಲ ಮಾಡ್ಲಿಕ್ಕುಂಟು ಅಂತ ಪೇಟೆಯಿಡೀ ಸುದ್ದಿ. ನಮ್ಮ ಜಗಲಿ ಎಷ್ಟು ಹೋಗ್ತದೆ, ಸತ್ಯ ಹೇಳಿ ಮಾರಾಯ್ರೇ. ತಂದೆಯವರು ಬೆಳಗಿನಿಂದ ಗಂಜಿ ಮುಟ್ಟಲಿಲ್ಲ.”

ಸುಳ್ಳು ಹೇಳಲು ನಿತ್ಯಾನಂದ ಬಾಯಿ ತೆರೆದಿದ್ದ. ಗಂಜಿಯ ಮಾತು ಕೇಳಿ ಆ ಯೋಚನೆ ಬಿಟ್ಟ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟ.

ಭರತರಾಜನ ಕಿವಿ ಕೆಂಪಾಯಿತು. ಸ್ವಲ್ಪ ಹೊತ್ತು ಕೋಲನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತ ನಿಂತ. ಆಮೇಲೆ ಬಗ್ಗಿ ಕ್ಯಾಮರಾಕ್ಕೆ ಕಣ್ಣಿಟ್ಟು, “ನನ್ನ ಅಂಗಡಿ ಇಷ್ಟು ಕತ್ತಲೆಯಾ?” ಎಂದ.

“ಅಂಗಡಿಯ ತಪ್ಪಲ್ಲ, ಈ ಡಬ್ಲರಿನದ್ದು. ಎರಡು ಪಟ್ಟು ದೊಡ್ಡದು ಮಾಡಿ ತೋರಿಸ್ತದೆ, ಬೆಳಕನ್ನು ಮಾತ್ರ ಕಾಲು ಭಾಗವಷ್ಟೇ ಒಳಗೆ ಬಿಡ್ತದೆ. ಲೆನ್ಸಿನ ಹುಳುಕನ್ನೂ ದೊಡ್ಡದು ಮಾಡ್ತದೆ. ನನಗೂ ಇವತ್ತೇ ಸರಿಯಾಗಿ ಗೊತ್ತಾದದ್ದು.” ನಿತ್ಯಾನಂದ ದನಿ ತಗ್ಗಿಸಿದ. “ನೀವು ಬರೀ ಕಾಲು ಸೆಕೆಂಡು ಅಲುಗಾಡದೆ ಕೂತರೆ ಬಂದೀತು.”

“ಅಲುಗಾಡದೆ ಕೂತ ಫೋಟೋ ಒಂದು ಅವರ ಹತ್ತಿರ ಉಂಟಲ್ಲ,” ಎಂದ ಭರತರಾಜ. ಕಿಟಕಿಯ ಹೊರಗೆ ನೋಡಿದ. “ನಾಳೆ ಶನಿವಾರ. ಅವರ ಶಾಲೆ ಎಷ್ಟು ಗಂಟೆಗೆ ಬಿಡ್ತದೆ?”

ಮರುದಿನ ಮಧ್ಯಾಹ್ನ ಮಕ್ಕಳೆಲ್ಲ ಓಡಿಹೋದ ಮೇಲೆ ತ್ರಿಶಲಾ ಗೇಟಿನ ಹೊರಗೆ ಕೊಡೆ ಬಿಚ್ಚುತ್ತಿದ್ದಳು. ಎದುರಿಗೆ ಬಂದ ನಿತ್ಯಾನಂದನ ಪಕ್ಕದಲ್ಲಿ, ಬಸ್ಸಿನ ಧೂಳನ್ನು ಅಂಗಿಯ ಮೇಲೆ ಹಾಗೇ ಹೊತ್ತುಕೊಂಡು ಒಬ್ಬ ನಿಂತಿದ್ದ.

“ನಮಸ್ಕಾರ. ನಾನು ಭರತರಾಜ. ದೂರದಿಂದ ತೆಗೆದರೆ ಸರಿ ಬರುವುದಿಲ್ಲವಂತೆ. ಹಾಗಾಗಿ…” ಬಸ್ಸಿನಲ್ಲಿ ಕಟ್ಟಿಕೊಂಡು ಬಂದ ಮಾತು ಅಲ್ಲಿಗೇ ಮುಗಿಯಿತು. ಅವನು ತಲೆ ಕೆರೆದುಕೊಂಡ, ಚಪ್ಪಲಿಯಿಂದ ಒಂದು ಕಲ್ಲು ಸರಿಸಿದ.

ತ್ರಿಶಲಾ ನಿತ್ಯಾನಂದನನ್ನು ಸುಟ್ಟುಬಿಡುವಂತೆ ನೋಡಿದಳು. ಮುಖ ಬಿಸಿಯಾಗಿತ್ತು. “ನಮ್ಮ ಮಾವನಿಗೆ ಗೊತ್ತುಂಟಾ ನೀವು ಬಂದದ್ದು?”

“ಇಲ್ಲ. ನಮ್ಮ ತಂದೆಯವರಿಗೂ ಗೊತ್ತಿಲ್ಲ. ಜಗಲಿ ಉಳೀತದೆ ಅಂತ ಮಾತ್ರ ಹೇಳಿದ್ದೇನೆ. ನಿನ್ನೆ ರಾತ್ರಿ ಎರಡು ಸಲ ಗಂಜಿ ಬಡಿಸಿಕೊಂಡರು.”

“ಯಾವ ಜಗಲಿ?”

ಭರತರಾಜ ಸರ್ವೆಯ ಕಥೆ ಹೇಳತೊಡಗಿದ. ಪೇಟೆಯವರ ಗಾಬರಿ, ತಂದೆಯ ಉಪವಾಸ, ತಾನು ಅಳೆಯುವ ಕೋಲು ಹಿಡಿದು ಮಹಡಿ ಹತ್ತಿದ್ದು, ಎಲ್ಲವನ್ನೂ ಕೈಯಾಡಿಸಿ, ಹುಬ್ಬು ಕುಣಿಸಿ ಹೇಳುತ್ತ ಹೋದ. ತ್ರಿಶಲಾ ತಡೆಯಲಾಗದೆ ನಕ್ಕಳು. ಅವಳು ನಕ್ಕದ್ದು ಕಂಡು ಅವನೂ ನಕ್ಕ.

ಸುಡುಬಿಸಿಲು; ಬೆಳಕಿಗೆ ಬರವಿರಲಿಲ್ಲ. ನಿತ್ಯಾನಂದ ಅವಸರದಲ್ಲಿ ಡಬ್ಲರ್ ಕಳಚಿ ಜೇಬಿಗೆ ಹಾಕಿಕೊಂಡು ಕ್ಯಾಮರಾ ಎತ್ತಿದ.

“ಟೀಚರೇ, ಒಂಚೂರು ಬದಿಗೆ ಬನ್ನಿ. ನೀವು ಕೇಳಿದ ಫೋಟೋ ಈಗ ಒಳ್ಳೆದು ಬರ್ತದೆ.”

ತ್ರಿಶಲಾ ಅವನ ಕಡೆ ತಿರುಗಲೂ ಇಲ್ಲ.

“ಸ್ವಲ್ಪ ನಿಲ್ಲಿ ನಿತ್ಯಣ್ಣ,” ಎಂದಳು. “ನಾನು ನೋಡ್ತಾ ಇದ್ದೇನೆ.”